ಇರಾಣದ ಬಾಗಿಲಲ್ಲಿ ನಮ್ಮ ಸಿಪಾಯಿ

ಯಾರ ಜಗಳಕ್ಕೂ ಹೋಗದೆ ತನ್ನ ಮನೆಯಲ್ಲಿ ತಾನಿರುವೆನೆಂದು ದುರ್ಬಲನು ಹೇಳಿದರೂ ಬಲಿಷ್ಠರು ಅವನನ್ನು ಹಾಗೆ ಇರಗೊಡುವದಿಲ್ಲವೆಂಬುದು ಲೋಕದ ಹಳೆಯ ಅನುಭವವು. ಎರಡನೆಯ ಮಹಾಯುದ್ಧದಲ್ಲಿ ಈ ಅನುಭವವು ಮೇಲಿಂದ ಮೇಲೆ ಬಂದಿತು. 1940ನೆಯ ಏಪ್ರಿಲ್ 9ರಂದು ಜರ್ಮನರು ತಟಸ್ಥವಾಗಿದ್ದ ಡೆನ್ಮಾರ್ಕ್ ಮತ್ತು ನಾರ್ವೆ ದೇಶಗಳ ಮೇಲೆ ಬಿದ್ದರು. ಮೇ 10ರಂದು ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್‌ಗಳನ್ನು ತುಳಿದರು. ಈ ಅನ್ಯಾಯಗಳ ಕಥೆಯನ್ನು ಲೋಕವು ಬಲ್ಲದು. ಬಲ್ಲದ್ದು ಯೋಗ್ಯವೂ ಹೌದು. ಆದರೆ 1941ನೆಯ ಆಗಸ್ಟ್ 25ರ ನಸುಕಿನಲ್ಲಿ ಇನ್ನೊಂದು ತಟಸ್ಥ ರಾಷ್ಟ್ರದ ಬಾಗಿಲು ಒಡೆಯಲ್ಪಟ್ಟಿತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿರುವದು? ಆ ರಾಷ್ಟ್ರವು ಇರಾಣ. ಅದರ ಬಾಗಿಲನ್ನು ಒಡೆದವರು ಹಿಟ್ಲರನ ಕಡೆಯವರಲ್ಲ, ಹಿಟ್ಲರನಿಂದ ಲೋಕವನ್ನು ಬಿಡಿಸುವೆವೆಂದು ಹೊರಟ ಬ್ರಿಟಿಶರೂ ರಶಿಯನರೂ. ಮತ್ತು ಬ್ರಿಟಿಶರ ಕಡೆಯಿಂದ ಆ ಹೊಸ್ತಿಲನ್ನು ದಾಟಿದ ಸೈನಿಕರಲ್ಲಿ ಬಹುಮಂದಿ ನಮ್ಮ ದೇಶದವರು. ಆದುದರಿಂದಲೆ ಈ ವಿಷಯವನ್ನು ನಾವು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಇರಾಣವು ನಮಗೆ ಅಪರಿಚಿತ ದೇಶವಲ್ಲ. ತೈಮೂರನ ಮಗನಾದ ಶಾಹರುಖನ ರಾಯಭಾರಿ ಅಬ್ದುರ್ ರಜಾಕನು ಹೊರ್ಮುಜ್ ಬಂದರದಲ್ಲಿ ಹಡಗು ಹತ್ತಿ ಬಂದು 1443ರಲ್ಲಿ ನಮ್ಮ ವಿಜಯನಗರವನ್ನು ಕಂಡು, ಅದರ ವೈಭವವನ್ನು ಬರೆದಿಟ್ಟನು. ವಿಜಾಪುರದ ಆದಿಲಶಾಹಿಯ ದರ್ಬಾರದಲ್ಲಿ ಪಾರಸಿ ಭಾಷೆಯು ಮೆರೆಯಿತು. ಇಂದಿಗೂ ನಾವು ನ್ಯಾಯಾಲಯದಲ್ಲಿ ಆಡುವ ದಫ್ತರ, ಫಿರ್ಯಾದಿ, ಜಮೀನು ಎಂಬ ಮಾತುಗಳು ಆ ಭಾಷೆಯ ಮೂಲಕ ಬಂದವುಗಳೇ. ಸಿಪಾಯಿ ಎಂಬ ಶಬ್ದವನ್ನು ಸಹ ಆ ಭಾಷೆಯೇ ನಮಗೆ ಕೊಟ್ಟಿತು. ಹೀಗೆ ಶತಮಾನಗಳ ಕಾಲ ಕೊಡುಕೊಳ್ಳುತ್ತ ಬಂದ ನೆರೆಯವನ ಮನೆಗೆ ನಮ್ಮ ಸಿಪಾಯಿಯು ಬಂದೂಕು ಹಿಡಿದು ಹೋದನೆಂದರೆ, ಅವನನ್ನು ಕಳಿಸಿದವರು ಯಾರು, ಯಾಕೆ ಕಳಿಸಿದರು ಎಂದು ವಿಚಾರಿಸುವದು ನಮ್ಮ ಕರ್ತವ್ಯವಲ್ಲವೆ?

ಮೊದಲು ಇರಾಣದ ಸ್ಥಿತಿಯನ್ನು ನೋಡೋಣ. ಉತ್ತರಕ್ಕೆ ರಶಿಯ, ದಕ್ಷಿಣದ ಕೊಲ್ಲಿಯಲ್ಲಿ ಬ್ರಿಟಿಶರ ನೌಕಾಬಲ. ಈ ಎರಡರ ನಡುವೆ ಸಿಕ್ಕ ಆ ದೇಶಕ್ಕೆ ನೆಮ್ಮದಿಯೆಂಬುದು ಅಪರೂಪವು. 1907ರಲ್ಲಿ ಈ ಎರಡು ಸಾಮ್ರಾಜ್ಯಗಳು ತಮ್ಮೊಳಗೆ ಕರಾರು ಮಾಡಿಕೊಂಡು, ಉತ್ತರ ಭಾಗವು ರಶಿಯದ ವರ್ಚಸ್ಸಿಗೆ, ಆಗ್ನೇಯ ಭಾಗವು ಬ್ರಿಟಿಶರ ವರ್ಚಸ್ಸಿಗೆ ಎಂದು ಹಂಚಿಕೊಂಡವು. ಮನೆಯ ಯಜಮಾನನನ್ನು ಒಂದು ಮಾತು ಕೇಳಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿಯೂ ಇರಾಣವು ತಟಸ್ಥವೆಂದು ಸಾರಿತ್ತು. ಆದರೂ ತುರ್ಕರು, ರಶಿಯನರು, ಬ್ರಿಟಿಶರು ಅದರ ನೆಲವನ್ನೇ ರಣಭೂಮಿಯನ್ನಾಗಿ ಮಾಡಿಕೊಂಡರು. ಆಮೇಲೆ 1921ರಲ್ಲಿ ಸೈನ್ಯದ ಬಲದಿಂದ ಮೇಲೆ ಬಂದು 1925ರಲ್ಲಿ ಸಿಂಹಾಸನವನ್ನೇರಿದ ರೇಜಾ ಶಹನು ನಿರಂಕುಶನಾದರೂ ದೇಶವನ್ನು ಒಂದುಗೂಡಿಸಿದನು, ಸೈನ್ಯವನ್ನು ಕಟ್ಟಿದನು, ಇಟಲಿಯಲ್ಲಿ ಹಡಗುಗಳನ್ನು ಮಾಡಿಸಿ ತಂದು ಒಂದು ಚಿಕ್ಕ ನೌಕಾಪಡೆಯನ್ನೂ ಏರ್ಪಡಿಸಿದನು.

ಅವನ ಕಾಲದ ಕೆಲಸಗಳಲ್ಲಿ ದೊಡ್ಡದು ರೇಲ್ವೆ. ದಕ್ಷಿಣದ ಕೊಲ್ಲಿಯ ದಂಡೆಯಲ್ಲಿ ಆಗ ಬಂದರ ಶಾಹಪುರವೆನಿಸುತ್ತಿದ್ದ ಊರಿನಿಂದ ಹೊರಟು, ಪರ್ವತಗಳನ್ನು ಕೊರೆದು ತೆಹರಾನನ್ನು ಮುಟ್ಟಿ, ಕಾಸ್ಪಿಯನ್ ಸಮುದ್ರದ ದಂಡೆಯ ವರೆಗೆ ಹೋಗುವ ಸುಮಾರು 1,394 ಕಿಲೋಮೀಟರುಗಳ ಈ ಹಾದಿಯು 1927ರಲ್ಲಿ ಆರಂಭವಾಗಿ 1938ರಲ್ಲಿ ಮುಗಿಯಿತು. ಪರದೇಶದ ಸಾಲವನ್ನು ತಾರದೆ, ಚಹ ಮತ್ತು ಸಕ್ಕರೆಯ ಮೇಲೆ ಕರ ಹಾಕಿ ಈ ಹಾದಿಯ ವೆಚ್ಚವನ್ನು ಕೂಡಿಸಿದರು. ಇರಾಣದ ಬಡವನು ಕುಡಿದ ಒಂದೊಂದು ಬಟ್ಟಲು ಚಹದಲ್ಲಿ ಆ ಹಳಿಗಳ ಬೆಲೆಯಿತ್ತು. ಆ ಬಡವನು ತನ್ನ ದೇಶದ ಏಳಿಗೆಗೆಂದು ಹಾಕಿಸಿದ ಹಳಿಗಳೇ ಮೂರು ವರ್ಷಗಳಲ್ಲಿ ಅವನ ದೇಶಕ್ಕೆ ಮುಳುವಾದವು.

ಇನ್ನೊಂದು ಕಾರಣವು ಎಣ್ಣೆ. 1908ರಲ್ಲಿ ನೈರುತ್ಯ ಇರಾಣದಲ್ಲಿ ಕಲ್ಲೆಣ್ಣೆಯು ಸಿಕ್ಕಿತು. ಅದನ್ನು ತೆಗೆಯುತ್ತಿದ್ದ ಕಂಪನಿಯಲ್ಲಿ ಬ್ರಿಟಿಶ ಸರಕಾರವು 1914ರಲ್ಲಿ ಹೆಚ್ಚಿನ ಪಾಲನ್ನು ಕೊಂಡಿತು. ಅಬಾದಾನದಲ್ಲಿ ಕಟ್ಟಿದ ಎಣ್ಣೆ ಶೋಧಿಸುವ ಕಾರಖಾನೆಯು ಜಗತ್ತಿನ ಅತಿ ದೊಡ್ಡ ಕಾರಖಾನೆಗಳಲ್ಲೊಂದಾಗಿ ಬೆಳೆದು ಬ್ರಿಟಿಶ ನೌಕಾಬಲದ ಜೀವನಾಡಿಯಾಯಿತು. ಹೀಗೆ ಒಂದು ಕಡೆಗೆ ಎಣ್ಣೆ, ಇನ್ನೊಂದು ಕಡೆಗೆ ರೇಲ್ವೆ. ಇವೆರಡನ್ನೂ ಹೊಂದಿದ ದೇಶವು 1939ನೆಯ ಸಪ್ಟಂಬರ್ 4ರಂದು ತಾನು ತಟಸ್ಥವೆಂದು ಜಗತ್ತಿಗೆ ಸಾರಿತು.

ಒಂದೂ ಮುಕ್ಕಾಲು ವರ್ಷ ಈ ತಾಟಸ್ಥ್ಯವನ್ನು ಯಾರೂ ಮುಟ್ಟಲಿಲ್ಲ. 1941ನೆಯ ಜೂನ್ 22ರಂದು ಹಿಟ್ಲರನು ರಶಿಯದ ಮೇಲೆ ಬಿದ್ದೊಡನೆ ಎಲ್ಲವೂ ಬದಲಾಯಿತು. ಒಂದು ತಲೆಮಾರಿನಿಂದ ಹಗೆಗಳಾಗಿದ್ದ ಬ್ರಿಟನ್ನು ಮತ್ತು ಸೋವಿಯತ್ ರಶಿಯ ಒಂದೇ ದಿನದಲ್ಲಿ ಮಿತ್ರರಾದವು. ರಶಿಯಕ್ಕೆ ಶಸ್ತ್ರಾಸ್ತ್ರಗಳನ್ನು ಕಳಿಸಬೇಕು; ಕಳಿಸುವ ಹಾದಿ ಯಾವದು? ಉತ್ತರ ಸಮುದ್ರಗಳಲ್ಲಿ ಜರ್ಮನರ ಜಲಾಂತರ್ಗಾಮಿಗಳ ಭಯ, ಮಂಜುಗಡ್ಡೆಯ ಕಾಟ. ಭೂಪಟವನ್ನು ಬಿಡಿಸಿದವರ ಬೆರಳು ತಾನಾಗಿಯೆ ಇರಾಣದ ರೇಲ್ವೆಯ ಮೇಲೆ ನಿಂತಿತು.

ಆದರೆ ನಿಮ್ಮ ರೇಲ್ವೆಯು ನಮಗೆ ಬೇಕೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಇರಾಣದಲ್ಲಿರುವ ಜರ್ಮನರನ್ನು ಹೊರಗೆ ಹಾಕಬೇಕೆಂದು ಜುಲೈ 19ರಂದು, ಮತ್ತೆ ಆಗಸ್ಟ್ 16ರಂದು, ಎರಡೂ ಸರಕಾರಗಳು ಪತ್ರಗಳನ್ನು ಕಳಿಸಿದವು. ಆ ಜರ್ಮನರು ಎಂಜಿನಿಯರರು, ವ್ಯಾಪಾರಿಗಳು, ಯಂತ್ರ ಬಲ್ಲವರು. ಅವರೊಳಗೆ ಗೂಢಚಾರರೂ ಇದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರ ಸಂಖ್ಯೆಯು ಎಷ್ಟೆಂಬ ವಿಷಯದಲ್ಲಿ ಬ್ರಿಟಿಶರ ಲೆಕ್ಕಕ್ಕೂ ಇರಾಣದ ಲೆಕ್ಕಕ್ಕೂ ಬಹಳ ಅಂತರವಿದ್ದಿತು. ತಟಸ್ಥ ರಾಷ್ಟ್ರವೊಂದು ಒಂದು ಪಕ್ಷದ ಮಾತಿಗೆ ಇನ್ನೊಂದು ಪಕ್ಷದ ಪ್ರಜೆಗಳನ್ನು ಹೊರಗಟ್ಟಿದರೆ ಅದು ತಟಸ್ಥವಾಗಿ ಉಳಿಯುವದು ಹೇಗೆಂಬುದು ಇರಾಣದ ವಾದವು. ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದೇವೆ, ಅವಸರ ಮಾಡಬೇಡಿರೆಂದು ಆ ಸರಕಾರವು ಹೇಳಿಕೊಂಡಿತು. ಆದರೆ ಕೇಳುವವರಿಗೆ ಉತ್ತರವು ಬೇಕಾಗಿರಲಿಲ್ಲ; ನೆವವು ಬೇಕಾಗಿತ್ತು. ಇರಾಕದ ಏಪ್ರಿಲ್-ಮೇ ತಿಂಗಳುಗಳ ಗಲಭೆಯನ್ನಡಗಿಸಲು ಬಸ್ರಾದಲ್ಲಿ ಇಳಿಸಿದ ಹಿಂದೀ ಸೈನ್ಯವು ಇನ್ನೂ ಅಲ್ಲಿಯೆ ಇದ್ದಿತು. ಗಡಿಯ ಆಚೆಗೆ ಹೆಜ್ಜೆಯಿಡುವದಷ್ಟೆ ಉಳಿದಿತ್ತು.

ಆಗಸ್ಟ್ 25ರ ಬೆಳಗಿನ ನಾಲ್ಕು ಗಂಟೆಯ ಸುಮಾರಿಗೆ ತೆಹರಾನದಲ್ಲಿ ಬ್ರಿಟಿಶ ರಾಯಭಾರಿ ಸರ್ ರೀಡರ್ ಬುಲ್ಲಾರ್ಡ್ ಮತ್ತು ಸೋವಿಯತ್ ರಾಯಭಾರಿ ಸ್ಮಿರ್ನಾವ್ ಇವರು ಪ್ರಧಾನಮಂತ್ರಿ ಅಲಿ ಮನ್ಸೂರರನ್ನು ನಿದ್ದೆಯಿಂದೆಬ್ಬಿಸಿ ಪತ್ರಗಳನ್ನು ಕೈಯಲ್ಲಿಟ್ಟರು. ಅದೇ ಹೊತ್ತಿಗೆ ದಕ್ಷಿಣದ ಶತ್ತುಲ್ ಅರಬ್ ನದಿಯಲ್ಲಿ ತೋಪುಗಳು ಹಾರುತ್ತಿದ್ದವು. ವಾರಂಟು ತೋರಿಸುವದಕ್ಕೂ ಬಾಗಿಲು ಮುರಿಯುವದಕ್ಕೂ ನಡುವೆ ಒಂದು ಗಳಿಗೆಯ ಅಂತರವನ್ನೂ ಬಿಡಲಿಲ್ಲವೆಂದರೆ, ಅಂಥ ನೋಟೀಸಿಗೆ ಕಾಯದೆಯಲ್ಲಿ ಯಾವ ಬೆಲೆಯುಂಟೆಂಬುದನ್ನು ವಕೀಲರಲ್ಲದವರೂ ಹೇಳಬಲ್ಲರು.

ಅಬಾದಾನದ ಧಕ್ಕೆಯಲ್ಲಿ ಇರಾಣದ ಪಲಂಗ್ ಎಂಬ ಚಿಕ್ಕ ಸಮರನೌಕೆಯು ಹಗ್ಗ ಕಟ್ಟಿಕೊಂಡು ನಿಂತಿತ್ತು. ಪಲಂಗ್ ಎಂದರೆ ಅವರ ಭಾಷೆಯಲ್ಲಿ ಚಿರತೆ. ಅದು ಕಣ್ಣು ತೆರೆಯುವ ಮೊದಲೆ ಬ್ರಿಟಿಶರ ಶೋರ್ಹಾಮ್ ಎಂಬ ನೌಕೆಯು ಹತ್ತಿರದಿಂದ ಗುಂಡು ಹಾರಿಸಿತು. ಪಲಂಗ್ ಉರಿದು ನಿಂತಲ್ಲಿಯೆ ಮುಳುಗಿತು. ಅಲ್ಲಿಂದ ಮೇಲೆ ಖುರ್ರಂಶಹರದಲ್ಲಿ ಬಬ್ರ್, ಎಂದರೆ ಹುಲಿ, ಎಂಬ ಇನ್ನೊಂದು ನೌಕೆಯಿತ್ತು. ಆಸ್ಟ್ರೇಲಿಯದ ಯಾರಾ ಎಂಬ ನೌಕೆಯು ಅದಕ್ಕೂ ಅದೇ ಗತಿಯನ್ನು ಕಾಣಿಸಿತು. ಇರಾಣದ ನೌಕಾಬಲದ ಈ ಎರಡು ಮುಖ್ಯ ಹಡಗುಗಳು ತಮ್ಮ ಮೇಲೆ ಯುದ್ಧವು ಸಾರಲ್ಪಟ್ಟಿದೆಯೆಂಬುದನ್ನು ತಿಳಿಯುವದರೊಳಗೆ ಇಲ್ಲವಾದವು. ಆ ನೌಕಾಬಲದ ಸೇನಾಪತಿಯಾದ ಗುಲಾಮ ಅಲಿ ಬಾಯಂದೋರನು ಅದೇ ಹಗಲು ಖುರ್ರಂಶಹರದಲ್ಲಿ ಹೋರಾಡುತ್ತ ಮಡಿದನು. ಅವನನ್ನು ಕೊಂದವರೇ ಅವನಿಗೆ ಸೈನಿಕ ಮರ್ಯಾದೆಯೊಡನೆ ಅಂತ್ಯಸಂಸ್ಕಾರವನ್ನು ಮಾಡಿದರು. ವೀರನನ್ನು ಗೌರವಿಸಿದ ಆ ಗುಣವನ್ನು ನಾವು ಮೆಚ್ಚುತ್ತೇವೆ. ಆದರೆ ಯಾವ ಅಪರಾಧಕ್ಕಾಗಿ ಅವನು ಸಾಯಬೇಕಾಯಿತೆಂಬ ಪ್ರಶ್ನೆಯು ಆ ಮರ್ಯಾದೆಯ ಗುಂಡುಗಳ ಸದ್ದಿನಲ್ಲಿ ಅಡಗಲಾರದು.

ಬಂದರ ಶಾಹಪುರದಲ್ಲಿ ಇನ್ನೊಂದು ಕೆಲಸವಿತ್ತು. ಯುದ್ಧಾರಂಭದಲ್ಲಿ ಆಶ್ರಯ ಪಡೆದ ಐದು ಜರ್ಮನ ಮತ್ತು ಮೂರು ಇಟಾಲಿಯನ್ ವ್ಯಾಪಾರೀ ಹಡಗುಗಳು ಅಲ್ಲಿ ಲಂಗರು ಹಾಕಿದ್ದವು. ಆಸ್ಟ್ರೇಲಿಯದ ಕಾನಿಂಬ್ಲಾ ಎಂಬ ದೊಡ್ಡ ನೌಕೆಯ ಮುಂದಾಳುತನದಲ್ಲಿ ಒಂದು ಪಡೆಯು ಆ ಬಂದರವನ್ನು ಹೊಕ್ಕಿತು. ಜರ್ಮನರು ತಮ್ಮ ಹಡಗುಗಳಿಗೆ ತಾವೇ ಬೆಂಕಿಯಿಟ್ಟು ಮುಳುಗಿಸಲೆಳಸಿದರು. ಒಂದು ಹಡಗು ಹಾಗೆ ಹೋಯಿತು, ಉಳಿದವು ಬ್ರಿಟಿಶರ ಪಾಲಾದವು. ಹಿಂದೀ ನೌಕಾಬಲದ ಲಾರೆನ್ಸ್ ಎಂಬ ಹಡಗು ಈ ಪಡೆಯಲ್ಲಿತ್ತು; ಕಾನಿಂಬ್ಲಾದಿಂದ ದಡಕ್ಕಿಳಿದು ಬಂದರವನ್ನು ವಶಪಡಿಸಿಕೊಂಡವರು ಬಲೂಚ್ ರೆಜಿಮೆಂಟಿನ ಸಿಪಾಯಿಗಳು.

ನೆಲದ ಮೇಲಿನ ದಂಡಯಾತ್ರೆಯಲ್ಲಂತೂ ಭಾರವೆಲ್ಲ ನಮ್ಮವರ ಹೆಗಲ ಮೇಲೆಯೆ ಇತ್ತು. ಜನರಲ್ ಕ್ವಿನನ್‌ನ ಅಧಿಪತ್ಯದಲ್ಲಿ ಎರಡು ಕಡೆಗಳಿಂದ ಸೈನ್ಯವು ನುಗ್ಗಿತು. ದಕ್ಷಿಣದಲ್ಲಿ ಜನರಲ್ ಹಾರ್ವೆಯ ಎಂಟನೆಯ ಹಿಂದೀ ಡಿವಿಜನ್ನು. ಅದರ ಒಂದು ಭಾಗವು ರಾತ್ರಿಯಲ್ಲಿ ದೋಣಿಗಳಿಂದ ನದಿಯಿಳಿದು ಅಬಾದಾನದ ಕಾರಖಾನೆಯನ್ನು ಹಿಡಿಯಿತು, ಇನ್ನೊಂದು ಭಾಗವು ಮರುಭೂಮಿಯನ್ನು ಸುತ್ತಿ ಬಂದು ಖುರ್ರಂಶಹರವನ್ನು ಹಿಂದಿನಿಂದ ಹೊಕ್ಕಿತು. ಪಶ್ಚಿಮದಲ್ಲಿ ಜನರಲ್ ಸ್ಲಿಮ್‌ನ ಹತ್ತನೆಯ ಹಿಂದೀ ಡಿವಿಜನ್ನು ಹಾಗೂ ಒಂದು ಬ್ರಿಟಿಶ ಯಾಂತ್ರಿಕ ದಳ. ಇವು ಖಾನಕೀನದ ಕಡೆಯಿಂದ ಗಡಿ ದಾಟಿ ಕಸ್ರ್-ಎ-ಶಿರೀನನ್ನೂ ನಫ್ತ್-ಎ-ಶಾಹದ ಎಣ್ಣೆಯ ಬಾವಿಗಳನ್ನೂ ಹಿಡಿದು, ಪಾಯ್ ತಾಕ್ ಎಂಬ ಕಡಿದಾದ ಕಣಿವೆಯನ್ನೇರಿ ಕರ್ಮಾನಶಾಹದ ಹಾದಿಯನ್ನು ಹಿಡಿದವು. ಮುಂದೆ ಬ್ರಹ್ಮದೇಶದ ಯುದ್ಧದಲ್ಲಿ ಕೀರ್ತಿಯನ್ನು ಗಳಿಸಿದ ಸ್ಲಿಮ್ ಇವನೇ. ಈ ಡಿವಿಜನ್ನುಗಳಲ್ಲಿ ಬ್ರಿಟಿಶ ಪಟಾಲಮುಗಳೂ ಇದ್ದವು. ಆದರೆ ಹೆಚ್ಚಿನ ಬಲವು ಹಿಂದುಸ್ಥಾನದ್ದೇ.

ಉತ್ತರದಿಂದ ಬಂದ ರಶಿಯದ ಬಲವು ಇನ್ನೂ ದೊಡ್ಡದು. ಕಾಕಸಸದ ಕಡೆಯಿಂದ ಎರಡು ಸೇನೆಗಳು ಇಳಿದವು. ಎರಡು ದಿನಗಳ ತರುವಾಯ ಮಧ್ಯ ಏಶಿಯದ ಕಡೆಯಿಂದ ಇನ್ನೊಂದು ಸೇನೆಯು ಗಡಿ ದಾಟಿತು. ಕಾಸ್ಪಿಯನ್ ಸಮುದ್ರದ ನೌಕಾದಳವು ದಂಡೆಯ ಬಂದರಗಳಿಗೆ ಬಂದಿತು. ತಬ್ರೀಜ್, ರಶ್ತ್ ಮೊದಲಾದ ಊರುಗಳ ಮೇಲೆ ವಿಮಾನಗಳು ಬಾಂಬುಗಳನ್ನು ಸುರಿದವು. ಇಂಥ ಎರಡು ದವಡೆಗಳ ನಡುವೆ ಇರಾಣದ ಸೈನ್ಯವು ಎಷ್ಟು ದಿನ ನಿಲ್ಲಬಲ್ಲದು? ಅಲ್ಲಲ್ಲಿ ಧೈರ್ಯದಿಂದ ಕಾದಿದ ದಳಗಳು ಇದ್ದವು. ಆದರೆ ಪ್ರಜೆಗಳನ್ನು ಭಯದಲ್ಲಿಟ್ಟು ಆಳಿದ ಅರಸನ ಸೈನ್ಯವು ಸಂಕಟದ ವೇಳೆಯಲ್ಲಿ ಒಂದಾಗಿ ನಿಲ್ಲುವದು ಕಷ್ಟವೆಂಬುದೂ ಕಂಡುಬಂದಿತು. ಆಗಸ್ಟ್ 27ರಂದು ಮನ್ಸೂರರ ಮಂತ್ರಿಮಂಡಲವು ಹೋಗಿ, ವಿದ್ವಾಂಸರಾದ ಮಹಮದ ಅಲಿ ಫರೂಘಿಯವರು ಪ್ರಧಾನಿಯಾದರು. 28ರಂದು ಇರಾಣವು ಶಸ್ತ್ರವನ್ನು ಕೆಳಗಿಟ್ಟಿತು. ನಾಲ್ಕು ದಿನಗಳಲ್ಲಿ ಎಲ್ಲವೂ ಮುಗಿಯಿತು. ತಮ್ಮ ಕಡೆಯಲ್ಲಿ ಸತ್ತವರು 22 ಜನರೆಂದು ಚರ್ಚಿಲ್ಲರು ಮುಂದೆ ತಮ್ಮ ಗ್ರಂಥದಲ್ಲಿ ಬರೆದರು. ಇರಾಣದಲ್ಲಿ ಸತ್ತವರು ನೂರಾರು ಜನ.

ಸಪ್ಟಂಬರ್ 16ರಂದು ರೇಜಾ ಶಹನು ಮಗನಾದ ಮಹಮದ ರೇಜಾನಿಗೆ ಪಟ್ಟವನ್ನು ಬಿಟ್ಟುಕೊಟ್ಟನು. ಮರುದಿನ ಎರಡೂ ಸೈನ್ಯಗಳು ತೆಹರಾನನ್ನು ಹೊಕ್ಕವು. ಪದಚ್ಯುತ ಅರಸನನ್ನು ಬಂದರ ಅಬ್ಬಾಸದಲ್ಲಿ ಹಡಗು ಹತ್ತಿಸಿದರು. ಆ ಹಡಗು ಮುಂಬಯಿಯ ಮುಂದೆ ಬಂದು ನಿಂತಿತು. ಆದರೆ ಹಿಂದುಸ್ಥಾನದ ನೆಲದ ಮೇಲೆ ಕಾಲಿಡಗೊಡದೆ ಅವನನ್ನು ಮಾರಿಶಸ್ ದ್ವೀಪಕ್ಕೆ ಸಾಗಿಸಿದರು. 1944ರಲ್ಲಿ ದಕ್ಷಿಣ ಆಫ್ರಿಕೆಯ ಜೋಹಾನ್ಸ್‌ಬರ್ಗದಲ್ಲಿ ಅವನು ತೀರಿಕೊಂಡನು. ಆ ಅರಸನ ದಬ್ಬಾಳಿಕೆಯನ್ನು, ಜಮೀನಿನ ಆಶೆಯನ್ನು ನಾವು ಸಮರ್ಥಿಸುವವರಲ್ಲ. ಆದರೆ ಆ ದಬ್ಬಾಳಿಕೆಯ ಲೆಕ್ಕವನ್ನು ಕೇಳುವ ಹಕ್ಕು ಇರಾಣದ ಜನರದಾಗಿತ್ತು. ಅವನನ್ನು ಇಳಿಸಿದವರು ಆ ಲೆಕ್ಕಕ್ಕಾಗಿ ಬಂದವರಲ್ಲ.

ನ್ಯಾಯವಾಗಿ ಮಾತಾಡಬೇಕಾದರೆ ಎದುರು ಪಕ್ಷದ ವಾದವನ್ನೂ ಪೂರ್ತಿ ಕೇಳಬೇಕು. ಹಿಟ್ಲರನು ಗೆದ್ದಿದ್ದರೆ ಇರಾಣಕ್ಕೂ ನಮಗೂ ಉಳಿಗಾಲವಿರುತ್ತಿರಲಿಲ್ಲ. 1941ರ ಬೇಸಿಗೆಯಲ್ಲಿ ರಶಿಯವು ಕುಸಿಯುವದೋ ಎಂಬಂತಿತ್ತು. ಇರಾಣದ ಹಾದಿಯಿಂದ ಮುಂದಿನ ವರ್ಷಗಳಲ್ಲಿ 40 ಲಕ್ಷ ಟನ್ನಿಗೂ ಮಿಗಿಲಾದ ಸಾಮಗ್ರಿಯು ರಶಿಯಕ್ಕೆ ಹೋಯಿತು. ನಾಜಿಗಳ ಸೋಲಿಗೆ ಅದು ಸಹಾಯಕವಾಯಿತೆಂಬುದು ನಿರ್ವಿವಾದವು. ರಶಿಯಕ್ಕಂತೂ ಒಂದು ಕಾಗದದ ಆಧಾರವೂ ಇತ್ತು: 1921ರ ಕೌಲಿನ ಆರನೆಯ ಕಲಮಿನಂತೆ, ಮೂರನೆಯವರು ಇರಾಣವನ್ನು ರಶಿಯದ ಮೇಲಿನ ದಾಳಿಗೆ ನೆಲೆಯನ್ನಾಗಿ ಮಾಡಿಕೊಳ್ಳುವ ಸಂಭವವಿದ್ದು, ಇರಾಣಕ್ಕೆ ಅದನ್ನು ತಡೆಯಲಾಗದಿದ್ದರೆ ರಶಿಯವು ಸೈನ್ಯವನ್ನು ತರಬಹುದಾಗಿತ್ತು. 1942ನೆಯ ಜನವರಿ 29ರಂದು ಮೂರೂ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು, ಇರಾಣದ ಸ್ವಾತಂತ್ರ್ಯವನ್ನು ಕಾಯುವೆವೆಂದೂ ಯುದ್ಧವು ಮುಗಿದ ಆರು ತಿಂಗಳುಗಳಲ್ಲಿ ಸೈನ್ಯವನ್ನು ಹಿಂದೆಗೆಯುವೆವೆಂದೂ ಬರೆದುಕೊಟ್ಟವು. ನಾರ್ವೆಯನ್ನು ಹಿಡಿದ ಹಿಟ್ಲರನು ಸೈನ್ಯವನ್ನು ಹಿಂದೆಗೆಯುವ ಅಂಥ ಅವಧಿಯನ್ನು ಬರೆದುಕೊಡಲಿಲ್ಲ. ಈ ಭೇದವು ಸಣ್ಣದಲ್ಲ. ಅದನ್ನು ಮರೆಮಾಚುವದು ಸತ್ಯಕ್ಕೆ ಅಪಚಾರವಾದೀತು.

ಆದರೂ ಮೂಲ ಪ್ರಶ್ನೆಯು ಉಳಿದೇ ಉಳಿಯುವದು. ಅವಶ್ಯಕತೆಯು ಹಕ್ಕನ್ನು ಹುಟ್ಟಿಸುವದೆ? 1914ನೆಯ ಆಗಸ್ಟ್ 4ರಂದು ಜರ್ಮನಿಯ ಪ್ರಧಾನಿ ಬೆಟ್‌ಮನ್ ಹೋಲ್ವೆಗ್ ಬೆಲ್ಜಿಯಂ ದೇಶದ ತಾಟಸ್ಥ್ಯವನ್ನು ಮುರಿದ ಬಗ್ಗೆ ತನ್ನ ಶಾಸನಸಭೆಯಲ್ಲಿ ಹೇಳಿದ ಸಮರ್ಥನೆಯೂ ಅವಶ್ಯಕತೆಯದೇ. ಇದು ಅನ್ಯಾಯವೆಂದು ಆತನು ಬಾಯಿಬಿಟ್ಟು ಒಪ್ಪಿಕೊಂಡನು, ಆಮೇಲೆ ಸರಿಪಡಿಸುವೆವೆಂದನು. ಆ ಮಾತಿಗೆ ಇಡೀ ಬ್ರಿಟನ್ನು ಕಿಡಿಕಿಡಿಯಾಯಿತು. ಬೆಲ್ಜಿಯಂ ದೇಶದ ಹೆಸರಿನಲ್ಲಿ ನಮ್ಮ ಹಳ್ಳಿಗಳಲ್ಲಿಯೂ ಸೈನ್ಯಕ್ಕೆ ಜನರನ್ನು ಕೂಡಿಸಿದರು. ಜರ್ಮನಿಯ ಬಾಯಲ್ಲಿ ಪಾಪವಾದ ಮಾತು ಬ್ರಿಟನ್ನಿನ ಬಾಯಲ್ಲಿ ಪುಣ್ಯವಾಗುವದು ಹೇಗೆ? ನೆರೆಮನೆಗೆ ಬೆಂಕಿ ಬಿದ್ದಾಗ ನನ್ನ ಬಾವಿಯ ನೀರನ್ನು ಕೇಳದೆ ಸೇದಿದರೆ ನಾನು ಕ್ಷಮಿಸಬಹುದು. ಆದರೆ ನನ್ನ ಮಗನನ್ನು ಹೊಡೆದು ಕೆಡಹಿ ಬಾವಿಯನ್ನು ಹಿಡಿದವನು ಕ್ಷಮೆಯನ್ನು ಬೇಡಬೇಕಲ್ಲದೆ ನ್ಯಾಯವನ್ನು ಹೇಳಬಾರದು.

ಇದರಲ್ಲಿ ಮನಸ್ಸಿಗೆ ಹೆಚ್ಚು ನೋವುಂಟುಮಾಡುವ ಸಂಗತಿಯು ಬೇರೆಯಿದೆ. ಈ ದಾಳಿಗೆ ಹನ್ನೊಂದು ದಿನಗಳ ಮುಂಚೆ, ಆಗಸ್ಟ್ 14ರಂದು, ರೂಜ್ವೆಲ್ಟರೂ ಚರ್ಚಿಲ್ಲರೂ ಕೂಡಿ ಅಟ್ಲಾಂಟಿಕ್ ಸನದನ್ನು ಹೊರಡಿಸಿದ್ದರು. ಎಲ್ಲ ಜನಾಂಗಗಳಿಗೆ ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕುಂಟೆಂದು ಅದರಲ್ಲಿ ಸಾರಿದ್ದರು. ಅದನ್ನು ನಂಬಿದ ಇರಾಣದ ಶಹನು ದಾಳಿಯ ದಿನವೇ ರೂಜ್ವೆಲ್ಟರಿಗೆ ತಂತಿ ಕಳಿಸಿ, ಆ ಸನದಿನ ತತ್ವಗಳ ಆಧಾರದಿಂದ ನ್ಯಾಯ ಕೇಳಿದನು. ಸಪ್ಟಂಬರ್ 2ರಂದು ಬಂದ ಉತ್ತರದಲ್ಲಿ ಸಹಾನುಭೂತಿಯಿತ್ತು, ಸಹಾಯವಿರಲಿಲ್ಲ. ಒಂದು ವಾರ ಕಳೆಯುವದರೊಳಗೆ, ಸಪ್ಟಂಬರ್ 9ರಂದು, ಚರ್ಚಿಲ್ಲರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಸನದು ಮುಖ್ಯವಾಗಿ ನಾಜಿಗಳ ಕೈಕೆಳಗಿರುವ ಯುರೋಪದ ದೇಶಗಳನ್ನು ಕುರಿತದ್ದು, ಹಿಂದುಸ್ಥಾನದಲ್ಲಿ ಬ್ರಿಟಿಶರ ಧೋರಣೆಯನ್ನು ಅದು ಬದಲಿಸುವದಿಲ್ಲವೆಂದು ಸ್ಪಷ್ಟಪಡಿಸಿದರು. ಸನದಿನ ಮಾತು ಇರಾಣಕ್ಕೆ ಉಪಯೋಗಕ್ಕೆ ಬರಲಿಲ್ಲ. ಇರಾಣಕ್ಕೆ ಹೋದ ಸಿಪಾಯಿಯ ಸ್ವಂತ ದೇಶಕ್ಕೂ ಅದು ಸಲ್ಲಲಿಲ್ಲ. ಹೊಡೆಸಿಕೊಂಡವನೂ ಹೊಡೆಯಲು ಕಳಿಸಲ್ಪಟ್ಟವನೂ ಒಂದೇ ಬಾಗಿಲಿನ ಹೊರಗೆ ನಿಂತರು.

ಆ ಸಿಪಾಯಿಯನ್ನು ನಾವು ದೂಷಿಸಲಾರೆವು. ಅವನು ಯಾವ ಪ್ರಾಂತದವನೇ ಆಗಿರಲಿ, ಹೊಟ್ಟೆಯ ಪಾಡಿಗಾಗಿಯೊ ಮನೆತನದ ಮಾನಕ್ಕಾಗಿಯೊ ಸೈನ್ಯವನ್ನು ಸೇರಿದವನು. ಹೇಳಿದಲ್ಲಿಗೆ ಹೋಗುವದು ಅವನ ಧರ್ಮವು. ಅವನ ಶೌರ್ಯದ ವಿಷಯದಲ್ಲಿ ನಮಗೆ ಅಭಿಮಾನವೇ ಇದೆ. ಪ್ರಶ್ನೆಯು ಕಳಿಸಿದವರದು. 1939ನೆಯ ಸಪ್ಟಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಕೇಂದ್ರ ಶಾಸನಸಭೆಯನ್ನು ಕೇಳದೆ, ಯಾವ ಜನನಾಯಕನ ಒಪ್ಪಿಗೆಯನ್ನೂ ಪಡೆಯದೆ, ಹಿಂದುಸ್ಥಾನವು ಯುದ್ಧದಲ್ಲಿದೆಯೆಂದು ಸಾರಿದರು. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ಸಿನ ಮಂತ್ರಿಮಂಡಲಗಳು ಎಂಟು ಪ್ರಾಂತಗಳಲ್ಲಿ ರಾಜೀನಾಮೆಯನ್ನಿತ್ತವು. ಕನ್ನಡ ಜಿಲ್ಲೆಗಳು ಹಂಚಿಹೋಗಿದ್ದ ಮುಂಬಯಿ ಮತ್ತು ಮದ್ರಾಸು ಪ್ರಾಂತಗಳೂ ಅವುಗಳಲ್ಲಿದ್ದವು. 1940ನೆಯ ಅಕ್ಟೋಬರದಲ್ಲಿ ವಿನೋಬಾ ಭಾವೆಯವರಿಂದ ವೈಯಕ್ತಿಕ ಸತ್ಯಾಗ್ರಹವು ಆರಂಭವಾಯಿತು. ನಮ್ಮನ್ನು ಕೇಳದೆ ನಮ್ಮನ್ನು ಯುದ್ಧಕ್ಕೆಳೆಯಬಾರದೆಂಬುದನ್ನು ಬಾಯಿಬಿಟ್ಟು ಹೇಳಿದ ತಪ್ಪಿಗಾಗಿ ದೇಶದ ಸಾವಿರಾರು ಕಾರ್ಯಕರ್ತರು ಸೆರೆಮನೆಗೆ ಹೋದರು. ನಮ್ಮ ಸಿಪಾಯಿಯು ಖುರ್ರಂಶಹರವನ್ನು ಹೊಕ್ಕ ದಿನ, ಹಾಗೆ ಹೇಳಬಲ್ಲವರಲ್ಲಿ ಅನೇಕರು ಇನ್ನೂ ಕಂಬಿಗಳ ಹಿಂದೆಯೆ ಇದ್ದರು. ಪರಾಧೀನತೆಯ ಪೂರ್ಣ ಅರ್ಥವು ಇಲ್ಲಿ ತಿಳಿಯುವದು. ತೆರಿಗೆ ಕೊಡುವದು, ತಲೆಬಾಗುವದು ಇಷ್ಟೇ ಅಲ್ಲ. ನಮಗೆ ಯಾವ ಕೇಡನ್ನೂ ಮಾಡದ ನೆರೆಯವನನ್ನು ನಮ್ಮ ಕೈಯಿಂದಲೆ ಹೊಡೆಯಿಸುವದು, ಅದರ ಪಾಪದಲ್ಲಿ ನಮಗೆ ಪಾಲು ಕೊಟ್ಟು ಅದರ ವಿಚಾರದಲ್ಲಿ ಪಾಲು ಕೊಡದಿರುವದು, ಇದೂ ಪರಾಧೀನತೆಯೇ.

ಇರಾಣದ ಜನರು ಮುಂದೆ ಪಟ್ಟ ಪಾಡನ್ನೂ ಹೇಳಿ ಮುಗಿಸಬೇಕು. ರೇಲ್ವೆಯೂ ಲಾರಿಗಳೂ ಯುದ್ಧದ ಸಾಮಗ್ರಿಗೆ ಮೀಸಲಾದುದರಿಂದ ಒಳನಾಡಿಗೆ ಧಾನ್ಯವು ಸಾಗಲಿಲ್ಲ, ಬೆಲೆಗಳು ಆಕಾಶಕ್ಕೇರಿದವು, 1942ನೆಯ ಡಿಸೆಂಬರದಲ್ಲಿ ತೆಹರಾನದಲ್ಲಿ ರೊಟ್ಟಿಗಾಗಿ ದಂಗೆಯಾಯಿತು. ಮರುವರ್ಷ ಬಂಗಾಲದ ಕ್ಷಾಮವನ್ನು ಕಂಡ ನಮಗೆ, ಪರರ ಯುದ್ಧದಲ್ಲಿ ಬಡವನ ಅನ್ನವು ಹೇಗೆ ಮಾಯವಾಗುವದೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧವು ಮುಗಿದ ಮೇಲೆ ಬ್ರಿಟಿಶರು ಕರಾರಿನ ಅವಧಿಯಾದ 1946ನೆಯ ಮಾರ್ಚ್ 2ರೊಳಗೆ ಹೊರಟುಹೋದರು, ರಶಿಯನರು ಹೋಗಲಿಲ್ಲ. ಆಗ ಇರಾಣವು ಹೊಸದಾಗಿ ಹುಟ್ಟಿದ್ದ ವಿಶ್ವಸಂಸ್ಥೆಯ ಭದ್ರತಾಮಂಡಲದ ಬಾಗಿಲನ್ನು ಹಿಡಿಯಿತು. ಆ ಮಂಡಲದ ಮುಂದೆ ಬಂದ ಮೊಟ್ಟಮೊದಲಿನ ವ್ಯಾಜ್ಯಗಳಲ್ಲಿ ಇದೊಂದು. ಲೋಕಾಭಿಪ್ರಾಯದ ಒತ್ತಡವೂ ಇರಾಣದ ಮುತ್ಸದ್ದಿಗಳ ಜಾಣ್ಮೆಯೂ ಕೂಡಿ, ಮೇ ತಿಂಗಳಲ್ಲಿ ರಶಿಯದ ಸೈನ್ಯವು ಗಡಿಯನ್ನು ದಾಟಿ ಹಿಂದಿರುಗಿತು. ಕರಾರಿನ ಕಾಗದವು ಕೇವಲ ಕಾಗದವಲ್ಲ, ಹಿಡಿದು ಕೇಳುವ ಛಲವಿದ್ದವನ ಕೈಯಲ್ಲಿ ಅದೂ ಆಯುಧವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿಯು.

ನಾವು ಸ್ವತಂತ್ರರಾಗಿದ್ದೇವೆ. ನಮ್ಮ ಸೈನ್ಯವು ಎಲ್ಲಿಗೆ ಹೋಗಬೇಕೆಂಬುದನ್ನು ಈಗ ಪರದೇಶದ ಮಂತ್ರಿಯು ನಿರ್ಣಯಿಸುವದಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 51ನೆಯ ಕಲಮು, ರಾಷ್ಟ್ರಗಳೊಳಗೆ ನ್ಯಾಯಯುತವಾದ ಗೌರವದ ಸಂಬಂಧವನ್ನು ಕಾಯಲು, ಅಂತರರಾಷ್ಟ್ರೀಯ ಕಾಯದೆಗೂ ಕರಾರುಗಳಿಗೂ ಮರ್ಯಾದೆ ಬರುವಂತೆ ಮಾಡಲು ಯತ್ನಿಸಬೇಕೆಂದು ರಾಜ್ಯಕ್ಕೆ ವಿಧಿಸಿದೆ. ಕೋರ್ಟಿನ ಮೂಲಕ ಜಾರಿ ಮಾಡಿಸಲಾಗುವ ಕಲಮು ಅದಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದಲೆ ಅದರ ಕಾವಲು ನ್ಯಾಯಾಧೀಶರದಲ್ಲ, ಪ್ರಜೆಗಳದು. ಇನ್ನೊಂದು ದೇಶದ ತಾಟಸ್ಥ್ಯವನ್ನು ಮುರಿಯುವ ಮಾತು ಜಗತ್ತಿನಲ್ಲಿ ಎಲ್ಲಿ ಯಾವಾಗ ಕೇಳಿಬಂದರೂ, ಮುರಿಯುವವನು ನಮ್ಮ ಮಿತ್ರನೊ ಶತ್ರುವೊ ಎಂಬುದನ್ನು ನೋಡಿ ನಮ್ಮ ನಾಲಗೆಯು ಹೊರಳಬಾರದು. ಹಾಗೆ ಹೊರಳಿದ ನಾಲಗೆಗಳಿಂದಲೆ 1941ರಲ್ಲಿ ಇರಾಣಕ್ಕೆ ನ್ಯಾಯವು ಸಿಕ್ಕಲಿಲ್ಲ.

ನಮ್ಮ ವಾಚಕರಲ್ಲಿ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿಯುಂಟು. ಮಹಾಯುದ್ಧದ ಪಾಠವನ್ನು ಹೇಳುವಾಗ ನಾರ್ವೆ, ಬೆಲ್ಜಿಯಂಗಳ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದ ತರುವಾಯ, ಕೆಳಗೆ ಇನ್ನೊಂದು ಸಾಲು ಬರೆಯಿರಿ: ಇರಾಣ, 1941, ಆಗಸ್ಟ್ 25. ನಕಾಶೆಯಲ್ಲಿ ಅಬಾದಾನವನ್ನೂ ಖುರ್ರಂಶಹರವನ್ನೂ ತೋರಿಸಿರಿ. ಅಲ್ಲಿಗೆ ಹೋದ ಸೈನಿಕರು ಯಾರೆಂದು ಮಕ್ಕಳು ಕೇಳುವರು. ಸಂಕೋಚಪಡದೆ ನಿಜವನ್ನು ಹೇಳಿರಿ. ತನ್ನ ಮೇಲಾದ ಅನ್ಯಾಯವನ್ನು ನೆನೆಯುವದು ಎಲ್ಲ ಜನಾಂಗಗಳಿಗೂ ಸುಲಭವು. ತನ್ನ ಕೈಯಿಂದ ಪರರಿಗಾದ ಅನ್ಯಾಯವನ್ನು, ಅದು ಪರವಶವಾಗಿ ಆದದ್ದಾದರೂ, ನೆನಪಿಡುವ ಜನಾಂಗಕ್ಕೆ ಮಾತ್ರ ಸ್ವಾತಂತ್ರ್ಯದ ಬೆಲೆಯು ಸರಿಯಾಗಿ ತಿಳಿದಿರುವದು.